ಬಾಗಿಲಲ್ಲಿ ಕೈ ಚಾಚಿ ನಿಂತವಳು

ಅಲ್ಲಿ ಇಲ್ಲದವರೂ ಕಣ್ಣಿಗೆ ಬೀಳುತ್ತಾರೆ ಎಂದು ಯಾರಾದರೂ ಹೇಳಿದರೆ ನಾನು ನಗುತ್ತಿದ್ದವನು. ಆ ಮಧ್ಯಾಹ್ನದ ನಂತರ ನಗುವುದನ್ನು ಬಿಟ್ಟೆ. ನಂಬುತ್ತೇನೆಂದು ಮಾತ್ರ ಈಗಲೂ ಹೇಳಲಾರೆ.

ಎಂಬತ್ತರ ದಶಕದ ನಡುವಿನ ಮಾತು. ಮೈಸೂರು ಕಡೆಯಿಂದ ಬಂದ ನಾನು ಕೊಯಮತ್ತೂರಿನ ಪೀಳಮೇಡಿನಲ್ಲಿ ಇಂಗ್ಲಿಷ್ ಮೇಷ್ಟರಾಗಿದ್ದೆ; ಅಲ್ಲಿಯವರ ಬಾಯಲ್ಲಿ 'ವಾತ್ಯಾರ್'. ನಮ್ಮ ಬೀದಿಯಲ್ಲೇ ಒಬ್ಬ ಮಾಜಿ ಸಂಸದರ ಮನೆ. ಹಿಂದೆಂದೋ ಕನ್ನಡನಾಡಿನಿಂದ ಬಂದ ನೇಯ್ಗೆಯ ವಂಶ, ತಾಯಿಯೊಡನೆ ಕನ್ನಡ, ಹೊರಗೆಲ್ಲ ತಮಿಳು. ಸೇನಾಡಳಿತವಿದ್ದ ಒಂದು ದೇಶ ತನ್ನ ಚುನಾವಣೆ ನೋಡಿಹೋಗಲು ಹಲವು ದೇಶಗಳ ರಾಜಕಾರಣಿಗಳನ್ನು ಕರೆಸಿತ್ತು. ಇವರೂ ಹೋಗಿ ಬಂದಿದ್ದರು. ವರದಿ ಟೈಪ್ ಮಾಡಿಕೊಡಲು ಒಂದು ಭಾನುವಾರ ನನ್ನನ್ನು ಕರೆದರು.

ನಾನು ಹೋದಾಗ ಬಾಗಿಲ ಬಳಿ ಒಬ್ಬ ಹೆಂಗಸು ನಿಂತಿದ್ದಳು. ತಲೆಗೆ ಹಸಿರು ಬಟ್ಟೆ, ಒಂದೇ ಕಾಲಿನಲ್ಲಿ ಚಪ್ಪಲಿ. ಅರ್ಜಿ ಹಿಡಿದು ಬರುವವರು ಆ ಮನೆಗೆ ಹೊಸಬರಲ್ಲ. ಪಕ್ಕಕ್ಕೆ ಸರಿದು ಒಳಗೆ ಹೋದೆ.

'ಮತದಾನ ಮುಕ್ತವಾಗಿ, ಶಾಂತಿಯಿಂದ ನಡೆಯಿತು' ಎಂಬ ಸಾಲನ್ನು ಅವರು ಇಂಗ್ಲಿಷಿನಲ್ಲಿ ಹೇಳುತ್ತಿದ್ದಾಗ ಅವರ ತಾಯಿ ಕಾಫಿ ತಂದರು. ಮೂರು ಲೋಟ.

"ಮೂರು ಯಾಕಮ್ಮಾ?"

"ವಾಸಲಲ್ಲಿ ನಿಂತವ್ಳಲ್ಲ, ಅವ್ಳಿಗೆ. ನೀನು ಆ ದೇಶದಿಂದ ಬಂದ ದಿನದಿಂದ ನಿಂತವ್ಳೆ, ಪಾವಂ. ಮಾತಿಲ್ಲ. ಕೊಟ್ಟದ್ದನ್ನ ವಾಪಸ್ ಕೇಳೋ ಹಾಗೆ ಕೈ ಚಾಚ್ತಾಳೆ."

ಮಾಜಿ ಸಂಸದರು ಎದ್ದು ಬಾಗಿಲವರೆಗೆ ಹೋದರು. ಅವಳ ಎದುರಿಗೇ, ಒಂದು ಮೊಳ ದೂರದಲ್ಲಿ ನಿಂತು ಆಚೆ ಈಚೆ ನೋಡಿದರು. "ಯಾರೂ ಇಲ್ಲಮ್ಮಾ" ಎಂದರು. ಅವಳ ಚಾಚಿದ ಕೈ ಅವರ ಅಂಗಿಗೆ ತಾಗುವಷ್ಟು ಹತ್ತಿರವಿತ್ತು. ನಾನು ನೋಡುತ್ತಿದ್ದೆ.

ತಾಯಿ ಒಳಗೆ ಹೋದ ಮೇಲೆ ಅವರು ಕುರ್ಚಿಯಲ್ಲಿ ಕುಸಿದರು. "ವಾತ್ಯಾರೇ, ಯಾರಿಗೂ ಹೇಳಿಲ್ಲ ನಾನು. ಅಲ್ಲಿ ಓಟು ಹಾಕೋ ಜಾಗದಲ್ಲಿ ಒಬ್ಳು ನನ್ ಕೈಗೆ ಚೀಟಿ ತುರುಕಿದ್ಲು. ಅವ್ರ ಭಾಷೆ ನಂಗೆ ತಿಳೀದು. ಜೊತೇಲಿದ್ದ ಅಲ್ಲಿನ ಸರ್ಕಾರದ ಆಫೀಸರಿಗೆ, ಏನು ಬರ್ದಿದೆ ಅಂತ ಕೇಳಿ ಕೊಟ್ಬಿಟ್ಟೆ. ಅವ್ನು ಓದಿ ನಕ್ಕ. ಇಬ್ರು ಸಿಪಾಯಿಗಳು ಅವ್ಳನ್ನ ಎಳ್ಕೊಂಡ್ಹೋದ್ರು. ಒಂದು ಚಪ್ಪಲಿ ಅಲ್ಲೇ ಬಿದ್ದಿತ್ತು."

ನಾನು ಬಾಗಿಲಲ್ಲಿದ್ದವಳ ಬರಿಗಾಲನ್ನು ನೋಡಿದೆ.

"ಅದನ್ನೂ ವರದಿಯಲ್ಲಿ ಬರೆಯೋಣ ಅಯ್ಯಾ" ಎಂದೆ.

ಅವರು ಬಾಗಿಲ ಕಡೆ ಒಮ್ಮೆ ನೋಡಿದರು. "ಅಮ್ಮನಿಗೆ ವಯಸ್ಸಾಯ್ತು, ಕಣ್ಣು ಮಂಜು. ನಿಮ್ಗೆ ಯಾರಾದ್ರೂ ಕಂಡ್ರಾ?"

ಬಾಗಿಲಲ್ಲಿ ಅವಳು ಇನ್ನೂ ಇದ್ದಳು. ಈಗ ನೋಡುತ್ತಿದ್ದುದು ನನ್ನನ್ನು.

"ಇಲ್ಲ" ಎಂದೆ. ಯಾಕೆ ಹಾಗೆಂದೆನೋ. ಹೆದರಿಕೆಯಿರಬೇಕು.

ಅವರು ಉಸಿರು ಬಿಟ್ಟು, ಚೀಟಿಯ ಮಾತಿಲ್ಲದೆಯೇ ವರದಿ ಮುಗಿಸಿ ಸಹಿ ಹಾಕಿದರು. ತಲೆಯೆತ್ತಿ ನೋಡಿದರೆ ಬಾಗಿಲು ಬರಿದಾಗಿತ್ತು. ತಾಯಿಗೂ ಅವಳು ಮತ್ತೆ ಕಾಣಲಿಲ್ಲವಂತೆ.

ಆಗ ಅವಳು ಬದುಕಿದ್ದಳೋ ಸತ್ತಿದ್ದಳೋ, ನನಗೆ ತಿಳಿಯದು. ನೋಡಬೇಕಾದವರಿಗೆ ಕಾಣದವಳು ನನಗೇಕೆ ಕಂಡಳೆಂಬುದೂ ತಿಳಿಯದು. ಕಂಡೆ ಎಂದು ಒಂದು ಮಾತು ಆಡಿದ್ದರೆ ಅವರು ಸಹಿ ಹಾಕುತ್ತಿರಲಿಲ್ಲವೇನೋ.