ಲಾರಿ ಬ್ಯಾಟರಿ ಬೇಡ ಅಂದದ್ದು

ಮೊಮ್ಮಗಳು ಜಗಲಿಯಲ್ಲಿ ಕೂತು ತಂತಿಗೆ ಬೆಸುಗೆ ಹಾಕುತ್ತಿದ್ದಳು. ರಾಳ ಸುಟ್ಟ ವಾಸನೆ ಅಡುಗೆಮನೆವರೆಗೂ ಬಂತು. ಏನು ಸೀದುಹೋಯ್ತು ಅಂತ ಮೊದಲು ಒಲೆ ನೋಡಿದೆ, ಆಮೇಲೆ ಹೊರಗೆ ಬಂದೆ. ಅವಳ ಮುಂದೆ ಅಂಗೈಯಗಲದ ಹಲಗೆ, ಅದರ ಮೇಲೆ ಸಾಲಾಗಿ ಪುಟ್ಟ ದೀಪಗಳು. ಪಕ್ಕದ ಡಬ್ಬಿಯಲ್ಲಿ ಹಳೇ ಅಡಾಪ್ಟರುಗಳು, ಬಾಲ ಸುತ್ತಿಕೊಂಡ ಇಲಿಗಳಂಗೆ. ಇದ್ದದ್ದರಲ್ಲಿ ದಪ್ಪದ್ದೊಂದನ್ನ ಎತ್ತಿ ಇನ್ನೇನು ಚುಚ್ಚಬೇಕು, "ತಡಿಯಮ್ಮಿ, ಎಷ್ಟು ಓಲ್ಟು ಅದು?" ಅಂದೆ.

ಅವಳು ನನ್ನ ಮುಖವನ್ನೇ ನೋಡಿದಳು. ನಾನು ಹೆಬ್ಬೆಟ್ಟಿಗಿಂತ ಒಂದು ಮೆಟ್ಟಿಲು ಮೇಲೆ, ಅಷ್ಟೇ. ಇದನ್ನೂ ಅಕ್ಷರ ಕೂಡಿಸಿಕೊಂಡು ಬರೀತಾ ಇದೀನಿ, ನೀವು ತಿದ್ದಿಕೊಂಡು ಓದಿ. ಆದರೆ ಓಲ್ಟಿನ ವಿಷಯ ಬೇರೆ. ಅದನ್ನ ಕಲಿತದ್ದು ಕರೆಂಟೇ ಇಲ್ಲದ ಮನೆಯಲ್ಲಿ.

ಎಲ್ಲಾ ಸೀಮೆ ಸೇರಿ ಮೈಸೂರು ರಾಜ್ಯ ದೊಡ್ಡದಾಯ್ತಲ್ಲ, ಆ ಕಾಲ. ನಾನು ಹರದನಹಳ್ಳಿಗೆ ಹೊಸದಾಗಿ ಬಂದ ಸೊಸೆ. ನಮ್ಮೋರಿಗೆ ರೇಡಿಯೋ ಕಟ್ಟೋ ಹುಚ್ಚು. ಚಾಮರಾಜನಗರದಲ್ಲಿ ಕೆಟ್ಟುಬಿದ್ದ ರೇಡಿಯೋಗಳನ್ನ ಹೊತ್ತು ತಂದು ಕರುಳು ಬಗೆಯೋರು. ಕೆಂಡದಲ್ಲಿ ಕಬ್ಬಿಣ ಕಾಯಿಸಿ ಬೆಸುಗೆ ಅವರು ಹಾಕೋರು, ತಂತಿ ಹಿಡಿಯೋದು ನಾನು. ಒಳಗಿನ ಗಾಜಿನ ವಾಲ್ವುಗಳು ಇದ್ದದ್ದು ಒಂದೇ ಜೊತೆ. ಆರು ಓಲ್ಟಿಗಿಂತ ಹೆಚ್ಚು ಕೊಟ್ಟು ಸುಟ್ಟರೆ ಮತ್ತೆ ಸಿಗೋ ಹಾಗಿರಲಿಲ್ಲ.

ನಮ್ಮ ಮಾವ ಬೇಸಾಯದ ಮನುಷ್ಯ. "ಯುಗಾದಿಗೆ ಅದು ಮಾತಾಡ್ಬೇಕು ಕಣ್ಲಾ. ಇಲ್ದಿದ್ರೆ ಗುಜರಿಗಾಕ್ಬುಟ್ಟು ನೇಗ್ಲು ಇಡ್ಕೊ" ಅಂದುಬಿಟ್ಟಿದ್ದರು. ನಮ್ಮೋರು ಅಪ್ಪನಿಗೆ ಎದುರಾಡೋರಲ್ಲ. ಆ ಪೆಟ್ಟಿಗೆ ಗುಜರಿಗೆ ಹೋದರೆ ಇವರೂ ಅರ್ಧ ಹೋದಂಗೆ ಅಂತ ನನಗೆ ಗೊತ್ತಿತ್ತು. ನೇಗಿಲು ಹಿಡಿದರೆ ಸಾಲು ಸೊಟ್ಟ ಹೊಡೆಯೋರು, ಅದು ಬೇರೆ ಮಾತು.

ಗುಂಡ್ಲುಪೇಟೆಯಲ್ಲಿ ಇವರ ಸ್ನೇಹಿತ ಒಬ್ಬ ಕಾರು ಓಡಿಸುತ್ತಿದ್ದ. ಅವನು ಆರು ಓಲ್ಟಿನ ಬ್ಯಾಟರಿ ಕೊಟ್ಟ. ಮಾವ ಸುಮ್ಮನಿರಬೇಕಲ್ಲ, ಪುಣಜನೂರು ಕಡೆ ಮರ ಹೊರೋ ಲಾರಿಯಿಂದ ಹನ್ನೆರಡರದ್ದು ತಂದಿಟ್ಟರು.

ಯುಗಾದಿ ದಿನ ನಮ್ಮೋರು ಆರರದ್ದನ್ನೇ ಕೊಟ್ಟು ಗುಂಡಿ ತಿರುಗಿಸಿದರು. ಬರೀ ಗುಂಯ್ ಅಂತು. ಮಾವ ಎದ್ದು ನಿಂತರು.

"ರೇಡಿಯೋ ಟೇಸನ್ನೇನು ಅತ್ರವಾ? ಈ ಚೋಟುದ್ದ ಬ್ಯಾಟ್ರಿ ಅಲ್ಲಿಂದ ದನಿ ಎಳೀತದಾ? ದೊಡ್ಡೆತ್ತು ಕಟ್ಲಾ."

ನಮ್ಮೋರ ಕೈ ಲಾರಿ ಬ್ಯಾಟರಿ ಕಡೆ ಹೋಯ್ತು. ಸೊಸೆ ಮಾವನ ಎದುರು ಮಾತಾಡೋ ಪದ್ಧತಿ ಇರಲಿಲ್ಲ. ನಾನು ತೊಟ್ಟಿ ಕಂಬಕ್ಕೆ ಹೇಳಿದೆ:

"ಕಂಬವೇ, ದನಿ ಅದರ ಪಾಡಿಗೆ ಬತ್ತದೆ, ನಾವು ಎಳ್ಕೊಂಡು ಬರದಾ? ಬಾಗ್ಲು ತಗ್ಯಕೆ ಆರು ಸಾಕು. ಒಳಲೇಲಿ ಹಾಲು ಕುಡಿಯೋ ಕೂಸಿಗೆ ಕೊಡ ಎತ್ತಿ ಸುರುದ್ರೆ ಕೂಸು ಉಳೀತದಾ?"

"ಕಂಬಕ್ಕೆ ಬೇರೆ ಪಾಠ" ಅಂದರು ಮಾವ, ಅವರೂ ಕಂಬದ ಕಡೆಗೇ ತಿರುಗಿ. ಆದರೆ ನಮ್ಮೋರ ಕೈ ನಿಂತಿತು.

ಹೊರಗಿನ ತಂತಿ ನೋಡೋಣ ಅಂತ ನಾನು ಹಿತ್ತಲಿಗೆ ಹೋದೆ. ದನಿ ಹಿಡಿಯೋಕೆ ಅಂತ ಸೂರಿನಿಂದ ನುಗ್ಗೆಮರಕ್ಕೆ ಕಟ್ಟಿದ್ದ ತಂತಿ ಜೋತುಬಿದ್ದು ಕೊಟ್ಟಿಗೆ ತಗಡಿಗೆ ಒರಗಿತ್ತು, ಹಿಡಿದ ದನಿಯೆಲ್ಲ ತಗಡಿಗೇ ಇಳಿದುಹೋಗ್ತಿತ್ತು. ತಂತಿ ಮೇಲೆ ಹಸಿ ಕಂಬಳಿ.

"ಅತ್ತೆ, ಇದ ಯಾರು ಇಲ್ಲಿ ಹರವಿದ್ದು?"

"ನಾನೇ ಕಣಮ್ಮಿ. ಹಬ್ಬಕ್ಕೆ ಒಗ್ದೆ. ಅಷ್ಟುದ್ದ ತಂತಿ ಸುಮ್ನೆ ಬಿದ್ದಿತ್ತಲ್ಲ."

ಕಂಬಳಿ ಎಳೆದೆ. ತಂತಿ ತಗಡು ಬಿಟ್ಟು ಮೇಲಕ್ಕೆ ಹಾರಿತು. ಒಳಗಿಂದ ಒಂದು ಗಂಡಸಿನ ದನಿ, ಹಿಪ್ಪುನೇರಳೆ ಸೊಪ್ಪು ಹೆಂಗೆ ಬಿಡಿಸಬೇಕು ಅಂತ ಹೇಳ್ತಾ ಇತ್ತು. ನಾನು ಒಳಗೆ ಬರೋ ಹೊತ್ತಿಗೆ ಮಾವ ಪೆಟ್ಟಿಗೆ ಮುಂದೆ ಕುಕ್ಕರುಗಾಲಲ್ಲಿ ಕೂತು, "ಅಂಗಲ್ಲ ಕಣಪ್ಪ, ಬಿಸ್ಲೇರಕ್ ಮುಂಚೆ ಬುಡಿಸ್ಬೇಕು" ಅಂತ ಅದರ ಜೊತೆ ಜಗಳಕ್ಕೆ ಇಳಿದಿದ್ದರು. ಲಾರಿ ಬ್ಯಾಟರಿ ವಾಪಸ್ ಹೋಯ್ತು. ನೇಗಿಲಿನ ಮಾತು ಮತ್ತೆ ಬರಲಿಲ್ಲ. ಮುಂದೆ ನಮ್ಮೋರು ಗುಂಡ್ಲುಪೇಟೆಯಲ್ಲಿ ರೇಡಿಯೋ ರಿಪೇರಿ ಅಂಗಡಿ ಇಟ್ಟರು, ನಮ್ಮ ಹೊಟ್ಟೆ ತುಂಬಿದ್ದು ಅದರಿಂದಲೇ.

ಮೊಮ್ಮಗಳು ಅಡಾಪ್ಟರು ತಿರುವಿ ನೋಡಿದಳು. "ಹನ್ನೆರಡು ಅಜ್ಜಿ. ಹಲಗೆಗೆ ಬೇಕಾಗಿರೋದು ಐದು." ಡಬ್ಬಿ ಕೆದಕಿ ಐದರದ್ದು ತೆಗೆದಳು. "ಇದರಲ್ಲಿ ಆಂಪಿಯರ್ ಜಾಸ್ತಿ ಇದೆಯಲ್ಲ?"

"ಇರಲಿ ಬುಡು. ಮನೇಲಿ ಹಾಲೆಷ್ಟಿದ್ರೇನು, ಕೂಸು ಬೇಕಾದಷ್ಟೇ ಕುಡೀತದೆ. ಹುಯ್ಯೋ ರಭಸ ಸರಿ ಇರಬೇಕು."

ಚುಚ್ಚಿದಳು. ಹತ್ತಲಿಲ್ಲ. ಅವಳ ಕಣ್ಣು ಮತ್ತೆ ಆ ದಪ್ಪದ್ದರ ಮೇಲೆ ಹೋಯ್ತು.

"ಮೊದ್ಲು ತಂತಿ ನೋಡು" ಅಂದೆ.

ಒಂದು ಕಡೆ ಬೆಸುಗೆ ಬಿಟ್ಟಿತ್ತು. ಅವಳು ಕಬ್ಬಿಣ ಎತ್ತಿಕೊಂಡಳು. ನನ್ನ ಕೈ ತಾನಾಗೇ ತಂತಿಗೆ ಹೋಯ್ತು. ಅಲ್ಲೇ ಹಿಂದಕ್ಕೆ ತೆಗೆದೆ.

"ಕಬ್ಬಿಣ ಕೊಡಿಲ್ಲಿ. ಇವತ್ತು ತಂತಿ ನೀನು ಹಿಡ್ಕೊ."