ದ್ವೀಪದ ಪರವಾಗಿ ನಾನು ಮಾಡಿದ ಭಾಷಣ

ಫುಕುವೋಕಾದ ಕನ್ನಡಿಗರ ಮನೆಯಲ್ಲಿ ಈರುಳ್ಳಿ ಬಜ್ಜಿಯ ವಾಸನೆ ಎದ್ದಿತೆಂದರೆ ಗೆಳೆಯ ಸಂದೀಪನಿಗೆ ನನ್ನ ಕಥೆ ನೆನಪಾಗುತ್ತದೆ. ನಿನ್ನೆಯೂ ಹಾಗೇ ಆಯಿತು. ಅವನ ಕಥೆಯಲ್ಲಿ ನಾನು ವಿಶ್ವವಿದ್ಯಾಲಯದ ಸೆಮಿನಾರಿನಲ್ಲಿ ಮೇಜು ಗುದ್ದಿ, ವಸಾಹತುಶಾಹಿಗೆ ಧಿಕ್ಕಾರ ಕೂಗಿ, ಜಪಾನಿ ಪ್ರೊಫೆಸರರ ಕಣ್ಣಲ್ಲಿ ನೀರು ತರಿಸುತ್ತೇನೆ. ಮೂರೂ ಸುಳ್ಳು. ಸಾಫ್ಟ್‌ವೇರ್ ಕಂಪನಿಯ ಸಂದೀಪ ಅಲ್ಲಿರಲೇ ಇಲ್ಲ. ನಡೆದದ್ದನ್ನು ನಿಮಗೆ ಹೇಳುತ್ತೇನೆ, ತೀರ್ಪು ನಿಮ್ಮದು.

ಆಗ ನಾನು ಇಲ್ಲಿ ಸಾರ್ವಜನಿಕ ನೀತಿ ಓದಲು ಬಂದ ಹೊಸತು. ಬೆಂಗಳೂರಿನ ಚರ್ಚಾಸ್ಪರ್ಧೆಗಳಲ್ಲಿ ಪಳಗಿದ ನಾಲಿಗೆ. ಮನೆಯಲ್ಲಿ ಉಪ್ಪಿಟ್ಟೋ ಅವಲಕ್ಕಿಯೋ ಎಂಬುದಕ್ಕೂ ನಾನು ಪ್ರತಿವಾದ ಹೂಡುತ್ತಿದ್ದೆ; ಅಮ್ಮ "ಎರಡೂ ಇಲ್ಲ, ಎದ್ದೋಗು" ಎಂದು ಕಲಾಪ ಮುಗಿಸುತ್ತಿದ್ದಳು.

ನಮ್ಮ ಪ್ರೊಫೆಸರರು ಒಂದು ಅಭ್ಯಾಸ ಕೊಟ್ಟರು. ಒಂದು ಕಾಲ್ಪನಿಕ ಸರ್ಕಾರ, ಕಡಲಾಚೆ ಅದರ ವಸಾಹತಾದ ಒಂದು ದ್ವೀಪ. ದ್ವೀಪಕ್ಕಿರುವ ಒಂದೇ ಬಂದರನ್ನು ಸರ್ಕಾರ ತನ್ನ ನೌಕಾಪಡೆಗೆ ಕೇಳುತ್ತಿದೆ. ಕೊಡಬೇಕೆ? ಅದನ್ನು ತೀರ್ಮಾನಿಸುವ ಹಕ್ಕು ಯಾರದು? ಯಾರು ಬರೆದ ನಿರ್ಣಯ ಅಂಗೀಕಾರವಾಗುತ್ತದೋ ಅವರು ಒಸಾಕಾದ ಸಮ್ಮೇಳನಕ್ಕೆ. ನನಗೆ ಒಸಾಕಾ ಬೇಕೇಬೇಕಿತ್ತು. ಹೋಗುತ್ತಿದ್ದೇನೆಂದು ಆಗಲೇ ಎಲ್ಲರಿಗೂ ಸಾರಿಬಿಟ್ಟಿದ್ದೆ.

ದ್ವೀಪದ ಪರ ನಾನು ಮತ್ತು ನಕಾನೋ-ಸಾನ್ ಎಂಬ ಮೆಲುದನಿಯ ಸಹಪಾಠಿ. ನಾನು ಗ್ರಂಥಾಲಯದಲ್ಲಿ ವಾದಗಳನ್ನು ಮಸೆಯುತ್ತಿದ್ದರೆ ಅವರು ದಿನವೂ ಊಟಕ್ಕೆ ಹೋಗುತ್ತಿದ್ದರು, ಅದೂ ಸರ್ಕಾರದ ಕಡೆಯವರ ಜೊತೆ! ನಾನು ಕರೆದರೆ "ಸುಮಿಮಾಸೆನ್, ಕ್ಷಮಿಸಿ, ಇವತ್ತೂ ಒಪ್ಪಿಕೊಂಡುಬಿಟ್ಟಿದ್ದೇನೆ" ಎಂದು ತಲೆಬಾಗುತ್ತಿದ್ದರು.

ಸಂದೀಪನಿಗೆ ಫೋನ್ ಮಾಡಿ ಗೋಳಾಡಿದೆ. "ನನ್ ಪಾರ್ಟ್ನರ್ ಶತ್ರುಗಳ ಜೊತೆ ರಾಮೆನ್ ಹೀರ್ತಿದಾಳೆ ಕಣೋ!"

"ನಿನ್ ಜೊತೆ ಕೂತ್ರೆ ಅವಳಿಗೆ ಬಾಯ್ ತೆಗಿಯೋಕೇ ಚಾನ್ಸ್ ಸಿಗಲ್ಲ ಮಾರಾಯ್ತಿ, ಪಾಪ, ಊಟನಾದ್ರೂ ಮಾಡ್ಲಿ ಬಿಡು."

ಸೆಮಿನಾರಿನ ದಿನ ಬಂತು. ನಾನು ಮಾತಾಡಿದೆ. ಕೇಳಬೇಕಿತ್ತು ನೀವು! ಬಂದರು ದ್ವೀಪದ ಕೊರಳು, ಅದನ್ನು ಕೇಳುವವರು ಉಸಿರನ್ನೇ ಕೇಳುತ್ತಿದ್ದಾರೆ ಎಂದೆ. ಎಲ್ಲರೂ ತಲೆಯಾಡಿಸಿದರು. ಎಲ್ಲರಿಗಿಂತ ಹೆಚ್ಚು ಆಡಿಸಿದವರು ಸರ್ಕಾರದ ಮಂತ್ರಿಯ ಪಾತ್ರದಲ್ಲಿದ್ದ ಓಗಾವಾ-ಸಾನ್. ಎದುರಾಳಿಯೇ ಒಪ್ಪಿದ ಎಂದು ನಾನು ಮನಸ್ಸಿನಲ್ಲೇ ರೈಲು ಹತ್ತಿದೆ.

ಆಮೇಲೆ ನಕಾನೋ-ಸಾನ್ ಎದ್ದು ಎಲ್ಲರಿಗೂ ಒಂದು ಹಾಳೆ ಹಂಚಿದರು. ಅರ್ಧ ಬಂದರು ನೌಕಾಪಡೆಗೆ, ಅರ್ಧ ಮೀನುಗಾರರಿಗೆ. ಸಂಸತ್ತಿನಲ್ಲಿ ದ್ವೀಪಕ್ಕೊಂದು ಕುರ್ಚಿ, ಮಾತಾಡಬಹುದು, ಮತ ಹಾಕುವಂತಿಲ್ಲ. ನಿರ್ಣಯ ಅಂಗೀಕಾರವಾಯಿತು. ಯಾರಿಗೂ ಆಶ್ಚರ್ಯವಾಗಲಿಲ್ಲ, ನನ್ನನ್ನು ಬಿಟ್ಟು. ಇಲ್ಲಿ ಸಭೆಗೆ ಮೊದಲೇ ಒಬ್ಬೊಬ್ಬರನ್ನೂ ಕಂಡು ಒಪ್ಪಿಸಿಕೊಳ್ಳುತ್ತಾರೆ. ಅದಕ್ಕೆ ನೆಮಾವಾಶಿ ಎನ್ನುತ್ತಾರೆ. ನಿಜವಾದ ಚರ್ಚೆ ಆ ರಾಮೆನ್ ಬಟ್ಟಲುಗಳ ನಡುವೆ ಮುಗಿದಿತ್ತು. ನಾನು ಮಾತಾಡಿದ್ದು ಅದರ ಸಮಾರೋಪಕ್ಕೆ.

ಕಾರಿಡಾರಿನಲ್ಲಿ ಅವರನ್ನು ಅಡ್ಡಗಟ್ಟಿದೆ. "ನಾನೂ ದ್ವೀಪದ ಪ್ರತಿನಿಧಿ ಅಲ್ವಾ? ನನ್ನನ್ನೇ ಕೇಳಲಿಲ್ಲವಲ್ಲ!"

"ನೀವು ಪೂರ್ತಿ ಬಂದರು ಬೇಕು ಅಂತಿದ್ರಿ. ಅವರು ಬಿಡೋದು ಅರ್ಧ ಮಾತ್ರ."

"ಹಾಗಿದ್ರೆ ನನ್ನ ಭಾಷಣ ಯಾಕೆ?"

ನಕಾನೋ-ಸಾನ್ ನಿಜಕ್ಕೂ ಗೊಂದಲಗೊಂಡರು. "ತುಂಬಾ ಚೆನ್ನಾಗಿತ್ತು. ಸಭೆ ಅಂದ ಮೇಲೆ ಒಂದು ಭಾಷಣ ಬೇಕಲ್ಲ?"

ವ್ಯಂಗ್ಯವಾಗಿದ್ದರೆ ತಿರುಗೇಟು ಕೊಡಬಹುದಿತ್ತು. ಅದು ಮೆಚ್ಚುಗೆ. ಮೆಚ್ಚುಗೆಗೆ ಪ್ರತಿವಾದ ಹೂಡುವುದನ್ನು ನನಗೆ ಯಾರೂ ಕಲಿಸಿರಲಿಲ್ಲ.

ಅವರೇ ಮುಂದುವರಿಸಿದರು. "ನಾನು ನಾಗಾಸಾಕಿ ಕಡೆಯ ಒಂದು ಚಿಕ್ಕ ದ್ವೀಪದವಳು. ಊರಿನ ಶಾಲೆ ಮುಚ್ಚುವ ಮೊದಲು ಸಭೆ ಕರೆದಿದ್ದರು. ನಮ್ಮಪ್ಪ ನಿಮ್ಮ ಹಾಗೇ ಮಾತಾಡಿದರು. ಎಲ್ಲರೂ ತಲೆಯಾಡಿಸಿದರು."

"ಆಮೇಲೆ?"

"ಆಮೇಲೆ ನಾನು ದೋಣಿಯಲ್ಲಿ ಬೇರೆ ಊರಿನ ಶಾಲೆಗೆ ಹೋದೆ."

ಒಸಾಕಾಗೂ ಅವರೇ ಹೋದರು. ನಾನು ನಿಲ್ದಾಣದವರೆಗೆ ಹೋಗಿ ಕೈಬೀಸಿದೆ. ಅಲ್ಲಿನ ಕೊಂಬಿನಿ ಅಂಗಡಿಯಲ್ಲಿ ಅನ್ನದ ಉಂಡೆ ಕೊಂಡು ದಾರಿಗಿರಲಿ ಎಂದು ಕೊಟ್ಟೆ ಕೂಡ. ಇದು ಸಂದೀಪನ ಕಥೆಯಲ್ಲಿ ಬರುವುದಿಲ್ಲ.

ಈಗ ನಾನೂ ಇಲ್ಲೇ ಒಂದು ಸಂಶೋಧನಾ ಕಚೇರಿಯಲ್ಲಿದ್ದೇನೆ. ನಾಳೆ ಸಭೆಯಿದೆ. ನನ್ನ ಪ್ರಸ್ತಾಪಕ್ಕೆ ಇವತ್ತೇ ಎಲ್ಲರ ಮೇಜಿಗೂ ಹೋಗಿ ಒಪ್ಪಿಗೆ ಪಡೆದು ಬಂದೆ. "ಜಗಳಗಂಟಿ ಜಪಾನಿ ಆಗ್ಬಿಟ್ಲು" ಎಂದು ಸಂದೀಪ ನಗುತ್ತಾನೆ. ಅಷ್ಟು ಸುಲಭವಲ್ಲ. ಪ್ರಸ್ತಾಪದಲ್ಲಿ ನಾನು ಮೊದಲು ಬರೆದಿದ್ದರಲ್ಲಿ ಅರ್ಧವಷ್ಟೇ ಉಳಿದಿದೆ. ಕೈಬಿಟ್ಟ ಅರ್ಧ ಯಾರ ಪಾಲಿನದಾಗಿತ್ತೋ ಅವರನ್ನು ನಾನು ಯಾವ ಮೇಜಿನಲ್ಲೂ ಕಾಣಲಿಲ್ಲ.

ಅದಕ್ಕೇ ಈ ಸಂಜೆ ನಕಾನೋ-ಸಾನ್‌ಗೆ ಒಂದು ಸಂದೇಶ ಕಳಿಸಿದೆ. ಬರೆದದ್ದು ಇಷ್ಟೇ: ನಕಾನೋ-ಸಾನ್, ನಿಮ್ಮೂರಿನ ಆ ಸಭೆಗೆ ಮೊದಲು ಯಾರಾದರೂ ನಿಮ್ಮಪ್ಪನನ್ನು ಊಟಕ್ಕೆ ಕರೆದು, ಅರ್ಧ ಶಾಲೆ ಉಳಿಸಿಕೊಡುತ್ತೇವೆ ಎಂದಿದ್ದರೆ, ಅವರು ಒಪ್ಪುತ್ತಿದ್ದರೇ?