ಬಣ್ಣ ಬರದ ಫ್ಲಾಸ್ಕುಗಳು

ಮೊನ್ನೆ ಮಗಳನ್ನು ಕೆಮಿಸ್ಟ್ರಿ ಪ್ರಾಕ್ಟಿಕಲ್ ಪರೀಕ್ಷೆಗೆ ಬಿಡಲು ರಾಯದುರ್ಗದ ಅವಳ ಕಾಲೇಜಿಗೆ ಹೋಗಿದ್ದೆ. ಲ್ಯಾಬಿನ ಬಾಗಿಲಲ್ಲಿ ಆಸಿಡ್ಡಿನ ಘಾಟಿನ ಜೊತೆ ಬಿರಿಯಾನಿ ವಾಸನೆ ಮೂಗಿಗೆ ಬಡಿಯಿತು. ಇಷ್ಟು ವರ್ಷವಾದರೂ ಆ ಎರಡು ವಾಸನೆ ಒಟ್ಟಿಗೆ ಬಂದರೆ ನನಗೆ ವಾಕರಿಕೆ… ಹಿಂದೆಯೇ ನಮ್ಮ ಕೆಮಿಸ್ಟ್ರಿ ಮೇಡಂ ನೆನಪು.

ಅವರು ಮಡಕಶಿರಾ ಕಡೆಯವರು. ನಾನು ಇಂಟರ್, ಅಂದರೆ ಪಿಯುಸಿ, ಓದುವಾಗ ಇದೇ ಊರಿನ ನಮ್ಮ ಖಾಸಗಿ ಕಾಲೇಜಿಗೆ ಬಂದರು. ಕೆಲಸ ಖಾಯಂ ಆಗುತ್ತದೆಂದು ನಂಬಿ, ತಾಯಿಯನ್ನೂ ಕರೆತಂದು ರೂಮು ಮಾಡಿದ್ದರು.

ಫ್ಲಾಸ್ಕಿನ ಕೆಳಗೆ ಬಿಳಿ ಟೈಲ್ಸ್ ಇಡಿಸಿ, ಇಂಡಿಕೇಟರ್ ಬೆರೆಸಿದ ಒಳಗಿನ ಆಸಿಡ್ಡಿಗೆ ಬ್ಯುರೆಟ್ಟೆಂಬ ನಲ್ಲಿಯಿರುವ ಗಾಜಿನ ಕೊಳವೆಯಿಂದ ಬೇಸನ್ನು, ಅಂದರೆ ಕ್ಷಾರವನ್ನು, ಹನಿಹನಿಯಾಗಿ ಬಿಡಿಸುತ್ತಿದ್ದರು. ನಮಗೋ ಬೀಟ್‌ರೂಟ್ ನೀರಿನಂಥ ಬಣ್ಣ ಬಂದರೇ ಖುಷಿ. ಅವರು ಅದನ್ನು ಸಿಂಕಿಗೆ ಸುರಿದು ಮತ್ತೆ ಮಾಡಿಸುತ್ತಿದ್ದರು. ಇದೆಯೋ ಇಲ್ಲವೋ ಅನ್ನುವಷ್ಟು ತಿಳಿಗುಲಾಬಿ ಮೂಡಿ, ಅಲ್ಲಾಡಿಸಿದರೂ ನಿಂತರೆ ಅದು ಎಂಡ್ ಪಾಯಿಂಟ್.

"ಆಸಿಡ್ಡೂ ಬೇಸೂ ಸರಿಸಮ ಆಗೋದು ಈಕ್ವಿವಲೆನ್ಸ್ ಪಾಯಿಂಟು. ಅದು ಕಣ್ಣಿಗೆ ಕಾಣಲ್ಲ ಕಣ್ರಮ್ಮ," ಅನ್ನುತ್ತಿದ್ದರು. "ಬಣ್ಣ ಬರೋದು ಒಂಚೂರು ಆಮೇಲೆ. ಅದಕ್ಕೇ ಮೊದ್ಲು ಕಂಡ ಬಣ್ಣಕ್ಕೇ ನಿಲ್ಲಿಸ್ಬೇಕು. ಜಾಸ್ತಿ ಬಿಟ್ಟಷ್ಟೂ ನಿಜದಿಂದ ದೂರ ಹೋಗ್ತೀರ."

ಪರೀಕ್ಷೆ ದಿನದ ಪದ್ಧತಿಯೇ ಬೇರೆಯಿತ್ತು. ಹೊರಗಿನಿಂದ ಬಂದ ಎಕ್ಸಾಮಿನರಿಗೆ ಸ್ಟಾಫ್ ರೂಮಿನಲ್ಲಿ ಬಿರಿಯಾನಿ. ಅವರು ಉಣ್ಣುವಷ್ಟರಲ್ಲಿ ಅಟೆಂಡರು ಟೇಬಲ್ಲಿಂದ ಟೇಬಲ್ಲಿಗೆ ಹೋಗಿ, ಬಣ್ಣ ಬರಲು ಎಷ್ಟು ಬೇಸು ಹಿಡಿಯಿತೆಂಬ ರೀಡಿಂಗನ್ನು ಕಿವಿಯಲ್ಲಿ ಉಸುರುವುದು. ಪ್ರತಿ ವರ್ಷ ಅದೇ ಆಸಿಡ್, ಅದೇ ರೀಡಿಂಗ್. ಆ ವರ್ಷ ಮೇಡಂ ಬೆಳಿಗ್ಗೆಯೇ ಬಂದು ಆಸಿಡ್ಡನ್ನು ಹೊಸದಾಗಿ, ತುಸು ಗಟ್ಟಿಯಾಗಿ ತಯಾರಿಸಿದ್ದರು. ಬಣ್ಣ ಬರಲು ಈಗ ಹೆಚ್ಚು ಬೇಸು ಬೇಕು; ಅಟೆಂಡರಿಗೆ ಅದು ಗೊತ್ತಿಲ್ಲ. ಎರಡನೇ ಬ್ಯಾಚಿನ ನಾನು ಬಾಗಿಲಲ್ಲಿ ನಿಂತಿದ್ದೆ. ಮೊದಲ ಬ್ಯಾಚಿನವರೆಲ್ಲ ಹಳೇ ರೀಡಿಂಗಿಗೆ ನಲ್ಲಿ ನಿಲ್ಲಿಸಿ, ಗುಲಾಬಿ ಬಣ್ಣ ಬಂತೆಂದು ಬರೆದು ಕೂತಿದ್ದರು. ಒಂದು ಫ್ಲಾಸ್ಕಿನಲ್ಲೂ ಬಣ್ಣವಿರಲಿಲ್ಲ.

ಕಾಲೇಜಿನ ಯಜಮಾನರು, ನಾವೆಲ್ಲ ಕರೆಸ್ಪಾಂಡೆಂಟ್ ಅನ್ನುತ್ತಿದ್ದವರು, ಊಟದ ನಡುವೆ ಎದ್ದು ಬಂದರು.

"ಬಣ್ಣ ಎಲ್ಲೈತೆ ತೋರ್ಸಿ ಸಾರ್," ಅಂದರು ಮೇಡಂ. "ನಾನು ಮಾರ್ಕ್ಸ್ ಹಾಕಲ್ಲ."

ಆತ ಸಿಟ್ಟಾಗಲಿಲ್ಲ. ಎಂಜಲು ಕೈಯಲ್ಲೇ ಬ್ಯುರೆಟ್ಟಿನ ನಲ್ಲಿ ತಿರುವಿ, ಒಂದೊಂದೇ ಫ್ಲಾಸ್ಕ್ ಹಿಡಿದು ಅದಕ್ಕೆ ಬೇಸನ್ನು ಗಳಗಳ ಸುರಿದ. ಎಲ್ಲವೂ ಬೀಟ್‌ರೂಟ್ ನೀರಾದವು. ಗಾಜಿನ ಮೇಲೆ ಬಿರಿಯಾನಿಯ ಜಿಡ್ಡು ಮೆತ್ತಿತ್ತು.

"ಬಂತಲ್ರಿ ಬಣ್ಣ? ಯಾಕ ಸುಮ್ನ ತಕರಾರು? ಮಾರ್ಕ್ಸ್ ಹಾಕ್ರಿ, ಇಲ್ಲಾಂದ್ರ ಮಡಕಶಿರಾ ಬಸ್ ಹಿಡೀರಿ."

ಸುತ್ತ ನಿಂತವರು ಹಲ್ಲು ಕಿರಿದರು. ಆ ನಗು ನೆನೆದರೆ ಈಗಲೂ ಅಸಹ್ಯ. ಮೇಡಂ ಟೈಲ್ಸುಗಳನ್ನು ಒರೆಸಿ ಜೋಡಿಸಿಟ್ಟು ಹೊರಟುಹೋದರು. ನಮ್ಮ ಬ್ಯಾಚಿಗೆ ಪರೀಕ್ಷೆಯೇ ನಡೆಯಲಿಲ್ಲ. ಎಲ್ಲರಿಗೂ ಪೂರ್ತಿ ಮಾರ್ಕ್ಸ್ ಬಂತು. ನಾನು ಮೇಡಂನ ನೋಡಹೋದಾಗ ಅವರ ರೂಮಿಗೆ ಬೀಗ ಬಿದ್ದಿತ್ತು… ಹೋದ ವರ್ಷ ಅವರು ತೀರಿಕೊಂಡರೆಂದು ಯಾರೋ ಹೇಳಿದರು. ಅವರ ಊರಿಗೆ ಒಮ್ಮೆಯೂ ಹೋಗಿ ನೋಡಲಾಗಲಿಲ್ಲ.

ಮೊನ್ನೆ ಮಗಳು ಬೇಗನೆ ನಗುನಗುತ್ತಾ ಹೊರಬಂದಳು.

"ಸಾರೇ ರೀಡಿಂಗ್ ಹೇಳಿಬಿಟ್ರಮ್ಮ."

"ಬಣ್ಣ ಹೆಂಗ ಬಂತು?" ಅಂದೆ.

ಅವಳು ನನ್ನ ಮುಖ ನೋಡಿದಳು.

"ಯಾವ ಬಣ್ಣಮ್ಮ?"